ಹಗ್ಗದಲ್ಲಿ ತೂಗುವವರ ಪ್ಯಾಂಟು

ಮರ ಹತ್ತಿ ಕೊಂಬೆ ಸವರುವುದನ್ನೇ ಕಸುಬು ಮಾಡಿಕೊಂಡವರ ಪ್ಯಾಂಟಿನ ಮೇಲೆ ಎರಡು ಹೊಣೆ ಬೀಳುತ್ತವೆ. ಅವೆರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಮಂಡಿ ಹೊಟ್ಟೆಯ ಮಟ್ಟಕ್ಕೆ ಏಳಬೇಕು, ಒಂದು ಕಾಲು ಈ ಕೊಂಬೆಯಲ್ಲಿ, ಇನ್ನೊಂದು ಆ ಕೊಂಬೆಯಲ್ಲಿ ಇದ್ದಾಗ ಹೊಲಿಗೆ ಬಿಚ್ಚಬಾರದು, ಇದು ಮೊದಲನೆಯದು. ಕೈಯಲ್ಲಿರುವ ಚೈನ್ ಸಾ ತಪ್ಪಿ ತೊಡೆಗೆ ತಾಗಿದರೆ ಮಾಂಸದ ತನಕ ಹೋಗದಂತೆ ತಡೆಯಬೇಕು, ಇದು ಎರಡನೆಯದು. ಮೊದಲನೆಯದಕ್ಕೆ ತೆಳುವಾದ, ಹಿಗ್ಗುವ ಬಟ್ಟೆ ಬೇಕು. ಎರಡನೆಯದಕ್ಕೆ ಪದರದ ಮೇಲೆ ಪದರ ಹೇರಿದ ದಪ್ಪ ಒಳಸರ ಬೇಕು. ಯುರೋಪ್, ಅಮೆರಿಕ, ನ್ಯೂಜಿಲೆಂಡ್‌ಗಳಲ್ಲಿ ಆರ್ಬರಿಸ್ಟ್ ಎನಿಸಿಕೊಳ್ಳುವ ಈ ಕಸುಬುದಾರರ ಉಡುಪಿನ ಚರಿತ್ರೆಯೆಂದರೆ ಈ ಎರಡರ ತಕರಾರೇ. ಅಳತೆಗೆ ಸಿಕ್ಕಿದ್ದನ್ನು ಕಾನೂನು ಬೇಗ ಕೈಗೆತ್ತಿಕೊಂಡಿತು. ಸೆಕೆ, ದಣಿವು, ತೊಡೆಸಂದಿಯ ಎಳೆತ ಇವು ಅಳತೆಗೆ ಸಿಗಲಿಲ್ಲ. ಅವನ್ನು ಹತ್ತುವವರೂ ಹೊಲಿಯುವವರೂ ಸೇರಿ ತಡವಾಗಿ ಬಗೆಹರಿಸಿಕೊಳ್ಳಬೇಕಾಯಿತು.

ಆರಂಭದಲ್ಲಿ ಗರಗಸ ಕೈಯದ್ದೇ ಆಗಿತ್ತು, ಎಂಜಿನ್ ಇರಲಿಲ್ಲ. ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಜಾನ್ ಡೇವಿ 1901ರಲ್ಲಿ ‘ದಿ ಟ್ರೀ ಡಾಕ್ಟರ್’ ಪುಸ್ತಕ ತಂದರು. ಒಹಾಯೋದ ಕೆಂಟ್ ಊರಿನಲ್ಲಿ 1909ರಲ್ಲಿ ಅವರ ಹೆಸರಿನ ಕಂಪನಿ ನೋಂದಣಿಯಾಯಿತು. ಮರಗಳ ಆರೈಕೆ ಒಂದು ಸಂಘಟಿತ ವೃತ್ತಿಯಾಗಿ ಬೆಳೆದದ್ದು ಹೆಚ್ಚುಕಡಿಮೆ ಈ ಕಾಲದಲ್ಲೇ. ಆಗ ಹತ್ತುವವರು ತೊಡುತ್ತಿದ್ದದ್ದು ತೊಡೆಯ ಬಳಿ ಸಡಿಲವಾಗಿ, ಮೊಣಕಾಲ ಕೆಳಗೆ ಬಿಗಿಯಾಗಿ ಇರುತ್ತಿದ್ದ ಬ್ರೀಚಸ್. ಅದರ ಮೇಲೆ ಚರ್ಮದ ಕಾಲುಪಟ್ಟಿ ಅಥವಾ ಎತ್ತರದ ಬೂಟು. ಇವತ್ತಿನ ಹಾರ್ನೆಸ್ ಇನ್ನೂ ಬಂದಿರಲಿಲ್ಲ. ಮನಿಲಾ ಹಗ್ಗವನ್ನೇ ಕುಣಿಕೆ ಹಾಕಿ ತೊಡೆಗಳ ಸುತ್ತ ಸುತ್ತಿಕೊಂಡು ಅದರಲ್ಲೇ ಕೂರುತ್ತಿದ್ದರು. ಬಟ್ಟೆಯ ಮೊದಲ ಶತ್ರು ಈ ಹಗ್ಗ, ಎರಡನೆಯದು ತೊಗಟೆ. ತೊಡೆಯ ಹಿಂಭಾಗವೂ ಮಂಡಿಯ ಒಳಬದಿಯೂ ಎಲ್ಲಕ್ಕಿಂತ ಮೊದಲು ಸವೆಯುತ್ತಿದ್ದವು.

ಬ್ರೀಚಸ್ ಹೋಗಿ ಅಮೆರಿಕದ ಸಾಮಾನ್ಯ ದುಡಿಮೆಗಾರರ ಬಟ್ಟೆ ಮರಕ್ಕೂ ಏರಿತು. ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ ರಿವೆಟ್ ಹೊಡೆದ ಪ್ಯಾಂಟಿಗೆ ಪೇಟೆಂಟ್ ಪಡೆದದ್ದು 1873ರಲ್ಲಿ. ಹ್ಯಾಮಿಲ್ಟನ್ ಕಾರ್‌ಹಾರ್ಟ್ ಡೆಟ್ರಾಯಿಟ್‌ನಲ್ಲಿ ಕಂಪನಿ ತೆರೆದದ್ದು 1889ರಲ್ಲಿ. ಡೆನಿಮ್ ಆಗಲಿ, ಮಂಡಿಗೆ ಎರಡು ಪದರ ಕೊಟ್ಟ ಡಕ್ ಕ್ಯಾನ್ವಾಸ್ ಆಗಲಿ ನೆಲದ ಮೇಲೆ ನಿಂತು ದುಡಿಯುವವರನ್ನು ನೋಡಿ ಮಾಡಿದ ಬಟ್ಟೆ. ತೊಗಟೆಯ ಉಜ್ಜಾಟಕ್ಕೆ ಅವು ಜಗ್ಗುವುದಿಲ್ಲ, ನಿಜ. ಆದರೆ ಮಳೆಯಲ್ಲಿ ನೆನೆದರೆ ಭಾರ, ಚಳಿಯಲ್ಲಿ ಸೆಟೆತ. ಕಾಲು ಎತ್ತಿದಾಗಲೆಲ್ಲ ಸೊಂಟದ ಪಟ್ಟಿ ಕೆಳಕ್ಕೆ ಜಾರುತ್ತದೆ. ಪ್ಯಾಂಟನ್ನು ಮೇಲೆಳೆದುಕೊಳ್ಳುವುದೇ ಅರ್ಧ ದಿನದ ಕೆಲಸ ಎಂದು ಹತ್ತುವವರು ಗೊಣಗುತ್ತಿದ್ದರೆ ಅದು ಅತಿಶಯೋಕ್ತಿಯಲ್ಲ.

ಇದಕ್ಕಿಂತ ದೊಡ್ಡ ಆಪತ್ತು ಎಂಜಿನ್ ಗರಗಸದ ಜೊತೆ ಬಂತು. ಒಬ್ಬನೇ ಹಿಡಿಯಬಹುದಾದ ಚೈನ್ ಸಾ ಎರಡನೇ ಮಹಾಯುದ್ಧದ ನಂತರದ ಸಂಗತಿ. ಜರ್ಮನಿಯ ಸ್ಟಿಲ್ ಕಂಪನಿ 1950ರಲ್ಲಿ ಅಂಥದ್ದೊಂದನ್ನು ಮಾರುಕಟ್ಟೆಗೆ ತಂದಿತು. 1959ರಲ್ಲಿ ಬಂದ ಅದರ ‘ಕಾಂಟ್ರಾ’ ಕಾಡಿನ ಕೆಲಸದ ವೇಗವನ್ನೇ ಬದಲಿಸಿತು. ಮುಂದೆ ಹಿಡಿಕೆ ಮೇಲಕ್ಕೆ ಬಂದು ಗರಗಸ ಚಿಕ್ಕದಾಯಿತು, ಹಗ್ಗದಲ್ಲಿ ತೂಗುವವರ ಸೊಂಟಕ್ಕೆ ಜೋತುಬಿತ್ತು. ಕೆಲಸಕ್ಕೂ ಬರ ಇರಲಿಲ್ಲ. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿಗೆ ಬಡಿದ ಡಚ್ ಎಲ್ಮ್ ರೋಗ ಎರಡೂವರೆ ಕೋಟಿಗೂ ಹೆಚ್ಚು ಎಲ್ಮ್ ಮರಗಳನ್ನು ಒಣಗಿಸಿತು. 1987ರ ಅಕ್ಟೋಬರಿನ ಬಿರುಗಾಳಿ ದಕ್ಷಿಣ ಇಂಗ್ಲೆಂಡಿನಲ್ಲಿ ಒಂದೇ ರಾತ್ರಿಯಲ್ಲಿ ಸುಮಾರು ಒಂದೂವರೆ ಕೋಟಿ ಮರಗಳನ್ನು ಉರುಳಿಸಿತು. ಒಣಗಿದವನ್ನೂ ಮುರಿದು ನೇತಾಡುವವನ್ನೂ ಯಾರಾದರೂ ಕಡಿಯಲೇಬೇಕಿತ್ತು.

ಚೈನ್ ಸಾ ಪ್ಯಾಂಟು ಹೇಗೆ ಕಾಪಾಡುತ್ತದೆ ಎಂಬ ಬಗ್ಗೆ ತಪ್ಪು ಕಲ್ಪನೆ ಬಹಳ. ಅದು ಹಲ್ಲು ನಾಟದ ರಕ್ಷಾಕವಚವಲ್ಲ. ಹೊರಬಟ್ಟೆ ಕ್ಷಣಾರ್ಧದಲ್ಲಿ ಸೀಳಿಹೋಗುತ್ತದೆ, ಸೀಳಿಹೋಗಬೇಕೆಂದೇ ಅದರ ವಿನ್ಯಾಸ. ಅದರ ಹಿಂದೆ ಸಡಿಲವಾಗಿ ಹೆಣೆದ ಉದ್ದುದ್ದ ನೂಲುಗಳ ಹಲವು ಪದರಗಳಿವೆ. ಓಡುವ ಹಲ್ಲು ಈ ನೂಲನ್ನು ಕಚ್ಚಿ ಎಳೆದುಕೊಂಡು ಹೋಗುತ್ತದೆ. ಬೈಕಿನ ಚಕ್ರಕ್ಕೆ ಸೆರಗು ಸಿಕ್ಕಿಕೊಂಡಂತೆ ನೂಲು ಗರಗಸದ ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಸರಪಳಿಯನ್ನು ನಿಲ್ಲಿಸಿಬಿಡುತ್ತದೆ. ಮೊದಲಿಗೆ ಬಳಸಿದ್ದು ಗಟ್ಟಿ ನೈಲಾನ್. ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಕೊಂಡ ಕೆವ್ಲಾರ್ ಆಮೇಲೆ ಬಂತು, ಪಾಲಿಯೆಸ್ಟರ್ ಬಂತು, ಡೈನೀಮಾ ಬಂತು. ಯಾವ ನೂಲಾದರೂ ನಿಯಮ ಒಂದೇ, ಅದು ಎಳೆದಾಗ ಬರಬೇಕು. ಪದರಗಳನ್ನು ಕೌದಿಯ ಹಾಗೆ ಅಡ್ಡಡ್ಡ ಹೊಲಿದುಬಿಟ್ಟರೆ ನೂಲು ಕಟ್ಟುಬಿದ್ದು, ಸಿಕ್ಕಿಕೊಳ್ಳುವ ಬದಲು ಕತ್ತರಿಸಿಹೋಗುತ್ತದೆ. ಹರಿದ ಪ್ಯಾಂಟಿಗೆ ಮನೆಯಲ್ಲಿ ಕೂತು ಒಳಪದರದ ಸಮೇತ ತೇಪೆ ಹಾಕಬಾರದು ಎಂದು ತಯಾರಕರು ಪದೇ ಪದೇ ಎಚ್ಚರಿಸುವುದು ಇದೇ ಕಾರಣಕ್ಕೆ. ಎಣ್ಣೆ ಕುಡಿದು ಒಂದಕ್ಕೊಂದು ಅಂಟಿಕೊಂಡ ನೂಲೂ ಸರಾಗವಾಗಿ ಬರುವುದಿಲ್ಲ. ಆದ್ದರಿಂದ ಕೊಳೆ ಪ್ಯಾಂಟು ಬರೀ ಅಸಹ್ಯವಲ್ಲ, ಅಪಾಯ.

ಮಾನದಂಡಗಳ ಕಥೆಯನ್ನು ಚಿಕ್ಕದಾಗಿ ಹೇಳಿಬಿಡಬಹುದು. ಮರ ಸವರುವಾಗ ಸತ್ತ ಮಗನಿಗಾಗಿ ನ್ಯೂಯಾರ್ಕ್‌ನ ಒಬ್ಬ ತಾಯಿ 1968ರಲ್ಲಿ ಪಟ್ಟುಹಿಡಿದದ್ದರಿಂದ ಅಮೆರಿಕದ ಜ಼ಡ್133 ಸುರಕ್ಷತಾ ಮಾನದಂಡದ ಕೆಲಸ ಶುರುವಾಯಿತು. ಅದು ಮೊದಲು ಪ್ರಕಟವಾದದ್ದು 1972ರಲ್ಲಿ. ಯುರೋಪು 1995ರಲ್ಲಿ ಇಎನ್ 381-5 ತಂದಿತು. ಈಗ ಅದರ ಜಾಗದಲ್ಲಿ ಇಎನ್ ಐಎಸ್‌ಒ 11393 ಇದೆ. ಪರೀಕ್ಷೆಯಲ್ಲಿ ನಿರ್ದಿಷ್ಟ ವೇಗದ ಸರಪಳಿಯನ್ನು ಬಟ್ಟೆಯ ಮೇಲೆ ಇಳಿಸುತ್ತಾರೆ. ಸೆಕೆಂಡಿಗೆ 16 ಮೀಟರ್ ತಡೆದರೆ ಸೊನ್ನೆ ದರ್ಜೆ, 20ಕ್ಕೆ ಒಂದು, 24ಕ್ಕೆ ಎರಡು, 28ಕ್ಕೆ ಮೂರು. ಒಂದನೇ ದರ್ಜೆಯ 20 ಮೀಟರ್ ಎಂದರೆ ಗಂಟೆಗೆ 72 ಕಿಲೋಮೀಟರ್. ಪೂರ್ತಿ ಥ್ರಾಟಲ್ ಕೊಟ್ಟ ವೃತ್ತಿಪರ ಗರಗಸ ಇದನ್ನು ಸುಲಭವಾಗಿ ದಾಟುತ್ತದೆ. ಇನ್ನೊಂದು ವಿಂಗಡಣೆ ರಕ್ಷಣೆಯ ಜಾಗದ್ದು. ಎ ಮಾದರಿಯಲ್ಲಿ ಕಾಲಿನ ಮುಂಭಾಗಕ್ಕೆ ಮಾತ್ರ ಒಳಸರ, ಸಿ ಮಾದರಿಯಲ್ಲಿ ಸುತ್ತಲೂ.

ಇಲ್ಲೇ ಹತ್ತುವವರ ಪಾಡು ಬೇರೆಯಾಗುತ್ತದೆ. ನೆಲದಲ್ಲಿ ನಿಂತವರಿಗೆ ಗರಗಸ ಯಾವಾಗಲೂ ಮುಂದೆಯೇ ಇರುತ್ತದೆ. ಹಗ್ಗದಲ್ಲಿ ತಿರುಗುತ್ತಿರುವವರ ಒಂದು ಕಾಲು ಕೊಂಬೆಯ ಆಚೆ, ಇನ್ನೊಂದು ಗಾಳಿಯಲ್ಲಿ. ಗರಗಸ ಯಾವ ಕಡೆಯಿಂದಲಾದರೂ ಬರಬಹುದು. ಈ ತರ್ಕದ ಪ್ರಕಾರ ಅವರಿಗೆ ಸುತ್ತಲೂ ಒಳಸರವಿರುವ ಸಿ ಮಾದರಿಯೇ ಸರಿ. ಆದರೆ ಬೇಸಿಗೆಯಲ್ಲಿ ಅದನ್ನು ತೊಟ್ಟು ಹಗ್ಗ ಹತ್ತುವವರ ಮೈಯಲ್ಲಿ ಎಷ್ಟು ನೀರು ಉಳಿದೀತು? ಬೆವರಿ ಸುಸ್ತಾದವರೇ ಗರಗಸವನ್ನು ತಪ್ಪಾಗಿ ಹಿಡಿಯುವುದು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಒಎಸ್‌ಎಚ್‌ಎ 1994ರಲ್ಲಿ ಮರ ಕಡಿಯುವವರಿಗೆ ಕಾಲಿನ ರಕ್ಷಣೆ ಕಡ್ಡಾಯ ಮಾಡಿದಾಗ, ಆ ಉಡುಪಿನಿಂದಲೇ ಹೆಚ್ಚಿನ ಅಪಾಯ ಎಂದು ಮಾಲೀಕರು ತೋರಿಸಿಕೊಟ್ಟರೆ ಹತ್ತುವವರಿಗೆ ವಿನಾಯಿತಿ ಎಂದು ಬರೆಯಿತು. ಜ಼ಡ್133 ಕೂಡ ಚೈನ್ ಸಾ ಪ್ಯಾಂಟನ್ನು ಕಡ್ಡಾಯ ಮಾಡಿದ್ದು ನೆಲದ ಕೆಲಸಕ್ಕೆ. ಈ ವಿನಾಯಿತಿಯನ್ನು ಕೆಲವರು ಸಡಿಲತೆ ಎನ್ನುತ್ತಾರೆ. ನನಗೆ ಅದು ವಿನ್ಯಾಸದ ಸೋಲಿನ ಒಪ್ಪಿಗೆಯಂತೆ ಕಾಣುತ್ತದೆ. ಹತ್ತುವವರು ತೊಡಬಹುದಾದ ರಕ್ಷಣೆಯ ಪ್ಯಾಂಟು ಆಗ ಇರಲಿಲ್ಲ, ಅಷ್ಟೆ.

ಹಾಗಾಗಿ ಅಟ್ಲಾಂಟಿಕ್‌ನ ಎರಡು ದಡಗಳಲ್ಲಿ ಎರಡು ದಾರಿ ಬೆಳೆದವು. ಅಮೆರಿಕದ ದಾರಿ ಗರಗಸವನ್ನು ಮರೆತು ಚಲನೆಯನ್ನು ಹಿಡಿಯಿತು. ಅದರ ಗುಟ್ಟು ಮರದಿಂದ ಬಂದದ್ದಲ್ಲ, ಬಂಡೆಯಿಂದ ಬಂದದ್ದು. ಕ್ಯಾಲಿಫೋರ್ನಿಯಾದ ಬಂಡೆ ಹತ್ತುವ ಮೈಕ್ ಗ್ರಹಾಂ 1982ರಲ್ಲಿ ಶುರುಮಾಡಿದ ಗ್ರಾಮಿಚ್ಚಿ ಕಂಪನಿ ತೊಡೆಸಂದಿಗೆ ಗಸೆಟ್ ಇಟ್ಟ ಪ್ಯಾಂಟನ್ನು ಜನಪ್ರಿಯ ಮಾಡಿತ್ತು. ಮಾಮೂಲಿ ಪ್ಯಾಂಟಿನಲ್ಲಿ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಕಾಲು ಅಗಲಿಸಿದಾಗ ಎಳೆತವೆಲ್ಲ ಅಲ್ಲಿಗೇ ಬರುತ್ತದೆ, ಹರಿಯುವುದೂ ಅಲ್ಲೇ. ಆ ಬಿಂದುವನ್ನು ತೆಗೆದು ವಜ್ರಾಕಾರದ ಒಂದು ತುಂಡನ್ನು, ಅಂದರೆ ಗಸೆಟ್ ಅನ್ನು, ಸೇರಿಸಿದರೆ ನಾಲ್ಕು ಹೊಲಿಗೆಗಳೂ ದೂರ ಸರಿದು ಎಳೆತ ಹಂಚಿಹೋಗುತ್ತದೆ. ಕಾಲೆತ್ತಿದರೂ ಸೊಂಟದ ಪಟ್ಟಿ ಕೆಳಗಿಳಿಯುವುದಿಲ್ಲ. 1998ರಲ್ಲಿ ಒಹಾಯೋದಲ್ಲೇ ಹುಟ್ಟಿದ ಆರ್ಬರ್‌ವೇರ್ ಕಂಪನಿ ಇದೇ ಗಸೆಟ್ ಅನ್ನು ದಪ್ಪ ಕ್ಯಾನ್ವಾಸಿಗೆ ಇಟ್ಟು, ಮಂಡಿಗೆ ಎರಡು ಪದರ ಕೊಟ್ಟು, ಮರ ಹತ್ತುವವರಿಗೆಂದೇ ಪ್ಯಾಂಟು ಮಾರತೊಡಗಿತು.

ಯುರೋಪಿನವರಿಗೆ ಗರಗಸವನ್ನು ಮರೆಯುವ ಅನುಕೂಲ ಇರಲಿಲ್ಲ. ಅವರು ಒಳಸರವನ್ನು ಇಟ್ಟುಕೊಂಡೇ ಅದರ ಸುತ್ತಲಿನದನ್ನೆಲ್ಲ ಬದಲಿಸಿದರು. ಹಿಗ್ಗದ ಒಳಸರವನ್ನು ಹಿಗ್ಗುವ ಹೊರಬಟ್ಟೆಯ ಒಳಗೆ ಕೂರಿಸುವುದು ಹೇಗೆ ಎಂಬುದೇ ಅವರ ಮುಖ್ಯ ಸಮಸ್ಯೆ. ಉತ್ತರ, ಅಂಚುಗಳಲ್ಲಿ ಮಾತ್ರ ಕಟ್ಟಿ ನಡುವೆ ಬಿಟ್ಟುಬಿಡುವುದು; ಮಂಡಿಯನ್ನು ಮೊದಲೇ ಬಾಗಿದ ಆಕಾರದಲ್ಲಿ ಕತ್ತರಿಸುವುದು; ಒಳಸರ ಇಲ್ಲದ ಹಿಂಭಾಗಕ್ಕೆ ನಾಲ್ಕೂ ದಿಕ್ಕಿಗೆ ಹಿಗ್ಗುವ ತೆಳು ಬಟ್ಟೆ ಹಾಕುವುದು; ತೊಡೆಯ ಹಿಂದೆ ಗಾಳಿಗೆ ಜ಼ಿಪ್ ಇಡುವುದು. ಆಸ್ಟ್ರಿಯಾದ ಫಾನರ್, ಬೆಲ್ಜಿಯಂನ ಸಿಪ್, ಬ್ರಿಟನ್ನಿನ ಆರ್ಬರ್‌ಟೆಕ್, ನ್ಯೂಜಿಲೆಂಡಿನ ಕ್ಲಾಗರ್ ಇವರೆಲ್ಲ ಈ ಒಂದೇ ಸಮಸ್ಯೆಗೆ ತಮ್ಮ ತಮ್ಮ ಉತ್ತರ ಬರೆದವರು. ಸ್ಪರ್ಧೆ ಈಗ ಗ್ರಾಂಗಳ ಮೇಲೆ ನಡೆಯುತ್ತದೆ. ಅದೇ ದರ್ಜೆ, ಆದರೆ ಹಗುರ.

ಪ್ಯಾಂಟಿನ ಸೊಂಟಕ್ಕೆ ಬಂದರೆ ಇನ್ನೂ ಸ್ವಾರಸ್ಯ. ಹತ್ತುವವರು ಪ್ಯಾಂಟಿನ ಮೇಲೆ ಅಗಲವಾದ ಹಾರ್ನೆಸ್ ಬಿಗಿದಿರುತ್ತಾರೆ, ಅವರ ಪೂರ್ತಿ ಭಾರ ಅದರ ಮೇಲೆ. ಬೆಲ್ಟಿನ ದಪ್ಪ ಲೂಪು, ಲೋಹದ ಗುಂಡಿ, ರಿವೆಟ್ ಇದ್ದರೆ ಸಂಜೆ ಹೊತ್ತಿಗೆ ಚರ್ಮದ ಮೇಲೆ ಅದರ ಅಚ್ಚು ಮೂಡಿರುತ್ತದೆ. ಪಕ್ಕದ ಜೇಬು ಇದ್ದೂ ಇಲ್ಲದ ಹಾಗೆ, ಹಾರ್ನೆಸ್ಸಿನ ಅಡಿ ಕೈ ಹೋಗುವುದಿಲ್ಲ. ಹಾಗಾಗಿ ಜೇಬು ತೊಡೆಯ ಹೊರಬದಿಗೆ ಇಳಿಯಿತು, ಅದಕ್ಕೆ ಜ಼ಿಪ್ ಬಂತು; ಇಲ್ಲವಾದರೆ ಒಂದು ಗಂಟೆಯಲ್ಲಿ ಮರದ ಪುಡಿ ತುಂಬಿಬಿಡುತ್ತದೆ. ಬೆನ್ನಿನ ಕಡೆ ಪಟ್ಟಿ ಎತ್ತರವಾಯಿತು. ಮೂತ್ರಕ್ಕೆ ಹೋಗಬೇಕಾದರೆ ಹಾರ್ನೆಸ್ ಬಿಚ್ಚದೆ ತೆರೆಯಬಹುದಾದ ಜ಼ಿಪ್ಪಿನ ಬಗ್ಗೆ ಕಂಪನಿಗಳ ಕ್ಯಾಟಲಾಗಿನಲ್ಲಿ ಮುಜುಗರದ ಒಂದು ಸಾಲು ಇರುತ್ತದೆ. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳುವುದು ಅದನ್ನೇ ಎಂದರೆ ನನಗೆ ಆಶ್ಚರ್ಯವಿಲ್ಲ. ಕೆಳಗೆ ಕಣಕಾಲಿನಲ್ಲಿ ಬೇರೆ ಗಲಾಟೆ. ಪೂರ್ತಿ ಕಡಿಯುವ ಮರಕ್ಕೆ ಹತ್ತುವಾಗ ಕಾಲಿಗೆ ಉಕ್ಕಿನ ಮುಳ್ಳು ಕಟ್ಟಿರುತ್ತಾರೆ. ಹೆಜ್ಜೆ ತಪ್ಪಿದರೆ ಒಂದು ಕಾಲಿನ ಮುಳ್ಳು ಇನ್ನೊಂದರ ಅಂಚನ್ನು ಹರಿಯುತ್ತದೆ. ಕಣಕಾಲಿನ ಒಳಬದಿಗೆ ಕಾರ್ಡುರಾದಂಥ ಗಟ್ಟಿ ಬಟ್ಟೆಯ ತೇಪೆ ಬಂದದ್ದು ಅದಕ್ಕಾಗಿ.

2010ರ ದಶಕದಲ್ಲಿ ಹತ್ತುವ ವಿಧಾನವೇ ಬದಲಾಯಿತು. ಅಲ್ಲಿಯವರೆಗೆ ಹಗ್ಗವನ್ನು ಕೊಂಬೆಯ ಮೇಲೆ ಮಡಚಿ ಹಾಕಿ, ಸೊಂಟವನ್ನು ಝಾಡಿಸಿ ಕೈಬಲದಲ್ಲಿ ಮೇಲೇರುತ್ತಿದ್ದರು. ಸ್ಥಿರವಾಗಿ ಕಟ್ಟಿದ ಒಂಟಿ ಹಗ್ಗದ ವಿಧಾನ ಹರಡಿದ ಮೇಲೆ ಒಂದು ಪಾದಕ್ಕೂ ಇನ್ನೊಂದು ಮಂಡಿಗೂ ಹಗ್ಗ ಕಚ್ಚುವ ಸಾಧನ ಕಟ್ಟಿಕೊಂಡು ಮೆಟ್ಟಿಲು ಹತ್ತಿದ ಹಾಗೆ ನಡೆದೇ ಏರತೊಡಗಿದರು. ಸಡಿಲವಾದ ಕಾಲಂಚು ಆ ಸಾಧನದ ಹಲ್ಲಿಗೆ ಸಿಕ್ಕಿದರೆ ನಡುಮರದಲ್ಲಿ ಸಿಕ್ಕಿಬಿದ್ದಂತೆಯೇ. ಹಾಗಾಗಿ ಮೊಣಕಾಲ ಕೆಳಗೆ ಪ್ಯಾಂಟು ಮತ್ತೆ ಬಿಗಿಯಾಯಿತು, ಡೇವಿಯವರ ಕಾಲದ ಬ್ರೀಚಸ್ಸಿನ ಹಾಗೆ.

ಹೆಂಗಸರ ಅಳತೆಗೆ ಮಾತ್ರ ಈ ಉದ್ಯಮ ಅಕ್ಷಮ್ಯವಾಗಿ ತಡಮಾಡಿತು. ಗಂಡಸರ ಚಿಕ್ಕ ಅಳತೆಯನ್ನೇ ತೊಟ್ಟರೆ ಸೊಂಟ ದೊಗಳೆ, ತೊಡೆ ಬಿಗಿ. ಒಳಸರ ಇರಬೇಕಾದ ಜಾಗ ಬಿಟ್ಟು ಪಕ್ಕಕ್ಕೆ ಸರಿದಿರುತ್ತದೆ. ಅದು ಬರೀ ಅಂದದ ಪ್ರಶ್ನೆಯಲ್ಲ. ಈಗ ಕೆಲವು ಕಂಪನಿಗಳು ಬೇರೆ ಕತ್ತರಿಕೆಯಲ್ಲಿ ತರುತ್ತಿವೆ, ಆಯ್ಕೆ ಇನ್ನೂ ಕಡಿಮೆ.

ಇದನ್ನೆಲ್ಲ ಓದುವಾಗ ನಮ್ಮ ಮಲೆನಾಡಿನ ಕೊನೆಗೌಡರು ನೆನಪಾಗುವುದು ಸಹಜ. ಕಾಲಿಗೆ ತಳೆ ಎಂಬ ಕುಣಿಕೆ ಹಾಕಿ ಅಡಿಕೆ ಮರ ಏರಿ, ಮರವನ್ನೇ ತೂಗಾಡಿಸಿ ಪಕ್ಕದ ಮರಕ್ಕೆ ದಾಟುವ ಅವರ ಮೈಮೇಲೆ ಇರುವುದು ಒಂದು ಚಡ್ಡಿ ಇಲ್ಲವೇ ಮೊಣಕಾಲ ತನಕ ಮಡಚಿದ ಹಳೆಯ ಪ್ಯಾಂಟು. ಅವರ ಕೈಯಲ್ಲಿರುವುದು ಕತ್ತಿ, ಚೈನ್ ಸಾ ಅಲ್ಲ. ಯುರೋಪಿನ ಒಳಸರ ಅವರಿಗೆ ದಂಡದ ಭಾರ. ಗಸೆಟ್ಟೂ ಒಳತೊಡೆಯ ಗಟ್ಟಿ ತೇಪೆಯೂ ಉಪಯೋಗಕ್ಕೆ ಬರುವಂಥವು, ಊರಿನ ಯಾವ ದರ್ಜಿಯಾದರೂ ಹೊಲಿಯಬಲ್ಲಂಥವು. ಆದರೆ ನಮ್ಮ ಕಡೆಯ ಜಾಣ್ಮೆಯೆಲ್ಲ ಮರವೇರುವ ಯಂತ್ರ, ನೆಲದಿಂದಲೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳ ಕಡೆ ಹರಿಯಿತು. ಹತ್ತುವ ಜನ ಸಿಗದ ಕಾಲದಲ್ಲಿ ಅದು ಅರ್ಥವಾಗುವ ಮಾತೇ.

ಸದ್ಯದ ತಲೆನೋವು ಬ್ಯಾಟರಿ ಗರಗಸದ್ದು. ಸದ್ದು ಕಡಿಮೆ, ಹೊಗೆಯಿಲ್ಲ, ಮರದ ಮೇಲೆ ಹಗ್ಗ ಜಗ್ಗಿ ಸ್ಟಾರ್ಟ್ ಮಾಡುವ ರಗಳೆಯಿಲ್ಲ. ಹತ್ತುವವರು ಅದನ್ನು ಬೇಗ ಒಪ್ಪಿಕೊಂಡರು. ಆದರೆ ಒಳಸರದ ಲೆಕ್ಕಾಚಾರ ನಿಂತಿದ್ದದ್ದು ಪೆಟ್ರೋಲ್ ಎಂಜಿನ್ನಿನ ಸ್ವಭಾವದ ಮೇಲೆ: ನೂಲು ಸುತ್ತಿ ವೇಗ ಇಳಿದರೆ ಅದರ ಕ್ಲಚ್ ಜಾರಿ ಸರಪಳಿ ನಿಲ್ಲುತ್ತದೆ. ವಿದ್ಯುತ್ ಮೋಟಾರಿಗೆ ಕಡಿಮೆ ವೇಗದಲ್ಲೂ ತಿರುಚುಬಲ ಕುಗ್ಗುವುದಿಲ್ಲ. ಬೆರಳು ಸ್ವಿಚ್ಚಿನ ಮೇಲೆ ಇರುವ ತನಕ ಅದು ನೂಲನ್ನು ಎಳೆಯುತ್ತಲೇ ಹೋಗಬಹುದು. ಹಲವು ಪ್ಯಾಂಟುಗಳ ಒಳಗಿನ ಚೀಟಿಯಲ್ಲಿ ವಿದ್ಯುತ್ ಗರಗಸದ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಇರುತ್ತದೆ. ಬ್ಯಾಟರಿ ಗರಗಸ ಕೊಳ್ಳಲು ಹೊರಟವರು ಗರಗಸದ ಜೊತೆಗೆ ಆ ಚೀಟಿಯನ್ನೂ ಓದಿಕೊಳ್ಳುವುದು ಮೇಲು. ಅಕ್ಷರ ಚಿಕ್ಕದಾಗಿರುತ್ತದೆ, ಎರಡು ಸಲ ಒಗೆದರೆ ಅಳಿಸಿಯೂ ಹೋಗುತ್ತದೆ.