ಬೇರೆ ಇಟ್ಟ ಗಂಗಾಳ

ಕೆಲವು ವರ್ಷಗಳ ಹಿಂದೆ ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪರಿಚಿತರ ಮನೆಗೆ ಹೋಗಿದ್ದೆ. ಹಿತ್ತಿಲ ಕಟ್ಟೆಯ ಮೇಲೆ ಒಂದು ಗಂಗಾಳ, ಒಂದು ಚರಿಗೆ ಬೇರೆಯಾಗಿ ಇದ್ದವು. ಸೊಸೆ ಎಲ್ಲಿ ಎಂದು ಕೇಳಿದೆ. “ತವರಿಗೆ ಹೋಗ್ಯಾಳ್ರಿ ಫಾದರ್, ಮೈಯಾಗ ಆರಾಮಿಲ್ಲ” ಎಂದರು ಅತ್ತೆ. ಬೇನೆಯ ಹೆಸರು ಹೇಳಲಿಲ್ಲ. ಆ ಪಾತ್ರೆಗಳನ್ನು ಕಂಡ ಮೇಲೆ ಅವರು ಕೊಟ್ಟ ಚಹಾ ಕುಡಿಯಲು ನಾನೂ ಒಂದು ಕ್ಷಣ ಹಿಂಜರಿದೆ, ಅದನ್ನು ಮರೆಮಾಚಲಾರೆ. ಆಕೆಗೆ ಕ್ಷಯವೆಂದೂ, ಎರಡು ತಿಂಗಳಲ್ಲಿ ಕೆಮ್ಮು ನಿಂತೊಡನೆ ಗುಳಿಗೆ ಬಿಟ್ಟಳೆಂದೂ ಅನಂತರ ತಿಳಿಯಿತು. ಆರೋಗ್ಯ ಕಾರ್ಯಕರ್ತೆ ಬಾಗಿಲಿಗೆ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ, ತಂಗಿಯ ಮದುವೆ ಮುರಿದುಬೀಳುತ್ತದೆ ಎಂಬ ಅಂಜಿಕೆ.

ಕ್ಷಯವು ಗಂಗಾಳದಿಂದ ಹರಡದು, ರೋಗಿಯು ಕೆಮ್ಮಿದಾಗ ಗಾಳಿಯ ಮೂಲಕ ಹರಡುತ್ತದೆ. ಅದರ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿ ಗುರುತಿಸಿದರು. ಆದರೆ ತೀರ್ಪು ಅದಕ್ಕೂ ಬಹು ಹಿಂದೆಯೇ ಹೊರಬಿದ್ದಿತ್ತು. ಪುರಾಣದ ಚಂದ್ರನಿಗೆ ಕ್ಷಯ ತಗುಲಿದ್ದು ದಕ್ಷನ ಶಾಪದಿಂದ, ಪತ್ನಿಯರಲ್ಲಿ ರೋಹಿಣಿಯೊಬ್ಬಳನ್ನೇ ಮೆಚ್ಚಿದ ತಪ್ಪಿಗಾಗಿ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಕೇಳಿದ ಶಿಷ್ಯರೂ ಇದೇ ಸಾಲಿನವರೇ.

ರೋಗಿಯನ್ನು ಮನೆಯಿಂದ ದೂರವಿಡಬೇಕೆಂಬ ನಂಬಿಕೆಯನ್ನು ಮದರಾಸಿನ ಒಂದು ಪ್ರಯೋಗ ಅಲುಗಿಸಿತು. 1956ರಲ್ಲಿ ಅಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರವು ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಂನಲ್ಲಿರಿಸಿತು, ಉಳಿದವರಿಗೆ ಅವರವರ ಮನೆಯಲ್ಲೇ ಅದೇ ಔಷಧಿ ಕೊಟ್ಟಿತು. ಮನೆಯಲ್ಲಿದ್ದವರಿಗೆ ಒಳ್ಳೆಯ ಊಟವಿರಲಿಲ್ಲ, ವಿಶ್ರಾಂತಿಯೂ ಅಷ್ಟಕ್ಕಷ್ಟೆ. ಆದರೂ ಗುಣ ಹೆಚ್ಚುಕಡಿಮೆ ಸಮನಾಗಿಯೇ ಕಂಡಿತು. ಫಲಿತಾಂಶ ಪ್ರಕಟವಾದದ್ದು 1959ರಲ್ಲಿ. ಅವರ ಮನೆಮಂದಿಗೆ ರೋಗ ಹೆಚ್ಚಾಗಿ ಅಂಟಲಿಲ್ಲವೆಂಬುದೂ ಮುಂದೆ ದೃಢಪಟ್ಟಿತು. ಆದರೆ ಔಷಧಿ ತಪ್ಪದೆ ಸೇವಿಸಬೇಕಿತ್ತು. ಅದಕ್ಕಾಗಿ ಕೇಂದ್ರದವರು ಮೂತ್ರ ಪರೀಕ್ಷಿಸುತ್ತಿದ್ದರು, ಮುನ್ಸೂಚನೆಯಿಲ್ಲದೆ ಮನೆಗೆ ಬಂದು ಉಳಿದ ಗುಳಿಗೆಗಳನ್ನು ಎಣಿಸುತ್ತಿದ್ದರು.

1959ರಲ್ಲೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕೈಗೊಂಡ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ ಎಂದೇ ಪಟ್ಟಣದವರ ಎಣಿಕೆ. ಅವರು ಕಂಡದ್ದು ಬೇರೆ. ಕ್ಷಯದ ಬಹುತೇಕ ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅರ್ಧದಷ್ಟು ಜನ ಚಿಕಿತ್ಸೆ ಅರಸಿ ಹೋಗಿಯೂ ಇದ್ದರು, ಅವರಿಗೆ ದೊರೆತದ್ದು ಕೆಮ್ಮಿನ ಔಷಧಿಯ ಬಾಟಲಿ! ನನ್ನ ಮಟ್ಟಿಗೆ ನಮ್ಮ ನಾಡಿನ ಕ್ಷಯದ ಇತಿಹಾಸದಲ್ಲಿ ಇದಕ್ಕಿಂತ ನಾಚಿಕೆಯ ಪುಟ ಬೇರಿಲ್ಲ.

ಆದರೂ ದೂರು ರೋಗಿಯ ಮೇಲೆಯೇ ಉಳಿಯಿತು. ಚಿಕಿತ್ಸೆ ಬಿಟ್ಟವರನ್ನು ದಾಖಲೆಗಳು ‘ಡಿಫಾಲ್ಟರ್’ ಎಂದು ಕರೆದವು; ಸಾಲ ತೀರಿಸದವನಿಗೆ ಬ್ಯಾಂಕಿನವರು ಅನ್ನುವ ಮಾತು. ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟದ್ದು 2013ರಲ್ಲಿ. 1997ರಿಂದ ನಮ್ಮ ದೇಶದಲ್ಲಿ ಕಣ್ಣೆದುರೇ ಗುಳಿಗೆ ನುಂಗಿಸುವ ಪದ್ಧತಿ ಹಬ್ಬಿತು. ಮರೆವಿಗೆ ಅದು ಮದ್ದಾಯಿತು, ಆದರೆ ಅಪಮಾನಕ್ಕೆ ಆಗಲಿಲ್ಲ. 2018ರಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಸಿಗತೊಡಗಿತು, 2024ರ ನವೆಂಬರಿನಿಂದ ಅದು 1000 ಆಯಿತು.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ನಡುವೆ ಬಿಟ್ಟರೆ ಅಳಿದುಳಿದ ರೋಗಾಣುಗಳು ಔಷಧಿಗೆ ಜಗ್ಗದಂತಾಗುವ ಅಪಾಯವುಂಟು. ಇದನ್ನು ಆ ಸೊಸೆಗೆ ವಿವರಿಸಿದವರು ಒಬ್ಬ ನರ್ಸಮ್ಮ. ಆಕೆ ಮನೆಗೆ ಹೋಗಲೇ ಇಲ್ಲ. ಸಂತೆಗೆ ಬಂದಾಗ ಆಸ್ಪತ್ರೆಗೆ ಬಂದುಹೋಗಲು ಹೇಳಿದರು. ಹುಡುಗಿ ಬಂದಳು. ಗುಳಿಗೆಗಳು ಮೆಣಸಿನಕಾಯಿ, ಉಳ್ಳಾಗಡ್ಡಿಗಳ ಅಡಿಯಲ್ಲಿ ಸಂತೆಯ ಚೀಲದೊಳಗೆ ಊರಿಗೆ ಹೋಗುತ್ತಿದ್ದವು.