ಸಿ ಭಾಷೆಯ ಪಟ್ಟಿ-ಸಂಚಾರ ಮ್ಯಾಕ್ರೋಗಳು: ಒಂದು ಐತಿಹಾಸಿಕ ವಿವೇಚನೆ

ಗಣಕಶಾಸ್ತ್ರದ ಇತಿಹಾಸವನ್ನು ವಿಚಾರಿಸುವಾಗ ನಾವು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯನ್ನೇ ಗಮನಿಸುತ್ತೇವೆ. ಪ್ರೋಗ್ರಾಮು ಬರೆಯುವವರ ರೂಢಿಗಳು ಹೇಗೆ ಹುಟ್ಟಿ ಹೇಗೆ ಮಾರ್ಪಟ್ಟವೆಂಬುದು ಅಷ್ಟಾಗಿ ಲಕ್ಷ್ಯಕ್ಕೆ ಬರುವುದಿಲ್ಲ. ಅಲ್ಪವೆಂದು ತೋರುವ ಅಂಥ ಒಂದು ರೂಢಿಯೇ ಇಲ್ಲಿ ಪ್ರಕೃತ.

ಒಂದು ಘಟಕವು ಮುಂದಿನದರ ವಿಳಾಸವನ್ನು ಹೊತ್ತಿರುವ ಲಿಂಕ್ಡ್ ಲಿಸ್ಟನ್ನು 1950ರ ದಶಕದ ಮಧ್ಯಭಾಗದಲ್ಲಿ ನ್ಯೂವೆಲ್, ಷಾ ಮತ್ತು ಸೈಮನ್ ರೂಪಿಸಿದರು. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ನಿರ್ಮಿಸಿದ ಸಿ ಭಾಷೆಯಲ್ಲಿ ಇಂಥ ಪಟ್ಟಿಯನ್ನು ಕ್ರಮವಾಗಿ ಸಂಚರಿಸಲು ಪ್ರತ್ಯೇಕ ವಾಕ್ಯರಚನೆಯಿಲ್ಲ. ಈ ಕೊರತೆಯನ್ನು ಮ್ಯಾಕ್ರೋಗಳು ತುಂಬಿದವು. ಲಿನಕ್ಸ್ ಕರ್ನೆಲಿನ 'ಲಿಸ್ಟ್ ಫಾರ್ ಈಚ್ ಎಂಟ್ರಿ' ಇದಕ್ಕೆ ಪ್ರಸಿದ್ಧ ನಿದರ್ಶನ.

ಅಲ್ಲಿನ ಪಟ್ಟಿ ವರ್ತುಲಾಕಾರವಾದುದು. ಹಿಂದಿನ ಹಾಗೂ ಮುಂದಿನ ಕೊಂಡಿಗಳು ದತ್ತಾಂಶದ ಸ್ಟ್ರಕ್ಚರಿನೊಳಗೇ ಅಡಗಿರುತ್ತವೆ. ಕೊಂಡಿಯ ವಿಳಾಸದಿಂದ ನಿಯತವಾದ ಅಂತರವನ್ನು ಕಳೆದು ಸ್ಟ್ರಕ್ಚರಿನ ವಿಳಾಸವನ್ನು ಪಡೆಯಲಾಗುತ್ತದೆ. ಆದರೆ ಪಟ್ಟಿಯ ಶಿರಸ್ಸು ಯಾವ ದತ್ತಾಂಶ ಘಟಕಕ್ಕೂ ಸೇರಿದ್ದಲ್ಲ. ಲೂಪು ನಡುವೆ ನಿಲ್ಲದೆ ಪೂರ್ಣಗೊಂಡಾಗ ಸಂಚಾರದ ಪಾಯಿಂಟರು ಶೂನ್ಯವಾಗುವುದಿಲ್ಲ. ಶಿರಸ್ಸಿನಿಂದ ಅದೇ ಅಂತರವನ್ನು ಕಳೆದ, ವಾಸ್ತವದಲ್ಲಿ ಘಟಕವೇ ಇಲ್ಲದ ವಿಳಾಸವೊಂದನ್ನು ಅದು ಸೂಚಿಸುತ್ತದೆ. ಅದನ್ನು ಘಟಕವೆಂದು ನಂಬಿ ಬರೆದರೆ ಅನ್ಯ ದತ್ತಾಂಶ ಸದ್ದಿಲ್ಲದೆ ಕೆಡುತ್ತದೆ. ಆದಕಾರಣ ಹುಡುಕಿದ ಘಟಕ ದೊರೆತೊಡನೆ, ಮೊದಲೇ ಶೂನ್ಯವಾಗಿರಿಸಿದ ಬೇರೊಂದು ಪಾಯಿಂಟರಿನಲ್ಲಿ ಅದನ್ನು ನಿಲ್ಲಿಸಿ, ಲೂಪಿನ ಅನಂತರ ಅದೊಂದನ್ನೇ ಪರೀಕ್ಷಿಸುವುದು ಯುಕ್ತ.

ಇನ್ನೊಂದು ಅಪಾಯ ಸಂಚರಿಸುತ್ತಲೇ ಘಟಕವನ್ನು ಅಳಿಸುವುದರಲ್ಲಿದೆ. ಬಿಡುಗಡೆಯಾದ ಮೆಮೊರಿಯಿಂದ ಮುಂದಿನ ಕೊಂಡಿಯನ್ನು ಓದುವುದು ಪ್ರಮಾದ. 'ಸೇಫ್' ಎಂಬ ಪದವನ್ನು ಕೊನೆಯಲ್ಲಿ ಹೊತ್ತ ಮ್ಯಾಕ್ರೋ ಮುಂದಿನ ಘಟಕವನ್ನು ಮೊದಲೇ ನೆನಪಿಟ್ಟುಕೊಂಡು ಇದನ್ನು ತಪ್ಪಿಸುತ್ತದೆ. ಆದರೆ ಹೆಸರಿನಿಂದ ನಾವು ಮೋಸಹೋಗಬಾರದು: ಏಕಕಾಲದಲ್ಲಿ ಬೇರೊಂದು ಕಾರ್ಯಧಾರೆ ಪಟ್ಟಿಯನ್ನು ಬದಲಿಸಿದರೆ ಈ ಮ್ಯಾಕ್ರೋ ರಕ್ಷಿಸಲಾರದು, ಅದಕ್ಕೆ ಲಾಕ್ ಮುಂತಾದ ಪ್ರತ್ಯೇಕ ವ್ಯವಸ್ಥೆಯೇ ಬೇಕು.

ಪಾಯಿಂಟರನ್ನು ಲೂಪಿನ ಹೊರಗೆ ಘೋಷಿಸಬೇಕಾದದ್ದು ಮೊದಲ ದೋಷಕ್ಕೆ ಅವಕಾಶವನ್ನಿತ್ತಿತು. ಲೂಪಿನೊಳಗಣ ಘೋಷಣೆಗೆ 1999ರ ಸಿ ಪ್ರಮಾಣವೇ ಅನುಮತಿಯಿತ್ತಿದ್ದರೂ ಕರ್ನೆಲ್ 1989ರ ಪ್ರಮಾಣವನ್ನು ಆಧರಿಸಿದ ರೂಪಕ್ಕೇ ಅಂಟಿಕೊಂಡಿತ್ತು. 2022ರ ಫೆಬ್ರುವರಿಯಲ್ಲಿ ಈ ಮ್ಯಾಕ್ರೋವಿನ ದೋಷಗಳನ್ನು ಕುರಿತು ಚರ್ಚೆಯೆದ್ದಾಗ ಲಿನಸ್ ಟೊರ್ವಾಲ್ಡ್ಸ್ ಹೊಸ ಪ್ರಮಾಣಕ್ಕೆ ಸಾಗುವ ವಿಚಾರವನ್ನು ಮುಂದಿಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ಹೊರಬಂದ 5.18ನೆಯ ಆವೃತ್ತಿ 2011ರ ಪ್ರಮಾಣವನ್ನು ಅಂಗೀಕರಿಸಿತು.

ಮೂರು ದಶಕಗಳ ಹಿಂದಣ ಪ್ರಮಾಣವನ್ನು ಕದಲಿಸಿದ್ದು ಒಂದು ಪುಟ್ಟ ಪಾಯಿಂಟರಿನ ವ್ಯಾಪ್ತಿಯ ಪ್ರಶ್ನೆ. ಪ್ರೋಗ್ರಾಮರ್‌ನ ಎಚ್ಚರವೊಂದನ್ನೇ ನೆಚ್ಚಿದ ನಿಯಮಕ್ಕಿಂತ, ತಪ್ಪನ್ನು ಬರೆಯಲೇ ಆಗದಂತೆ ಮಾಡುವ ವ್ಯಾಕರಣ ಮೇಲೆಂಬುದು ಈ ವೃತ್ತಾಂತದಿಂದ ನಮಗೆ ವಿದಿತವಾಗುತ್ತದೆ.