ಮೆದುಳಿನ ಪಿಸುಮಾತು ಕೇಳೋಕೆ ಡಾಕ್ಟರೇ ಆಗಿರಬೇಕಾ?

ಹೋದ ವಾರ ರಾತ್ರಿ ಹನ್ನೊಂದು ಗಂಟೆಗೆ ಗೆಳತಿಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಪೋಸ್ಟ್‌ಡಾಕ್ ಹುದ್ದೆಯ ಜಾಹೀರಾತು ಅದು. ಅಂದ್ರೆ, ಪಿಎಚ್‌ಡಿ ಆದ್ಮೇಲೆ, ಕಾಯಂ ಕೆಲಸ ಸಿಗೋಕೆ ಮುಂಚೆ, ಬೇರೊಬ್ಬರ ಲ್ಯಾಬ್‌ನಲ್ಲಿ ಕೆಲವು ವರ್ಷ ಮಾಡೋ ಸಂಶೋಧನೆ. ಇಲ್ಲಿ ಕೆಲಸ ಮೆದುಳಿನ ಸ್ಕ್ಯಾನ್ ಮತ್ತು ಇಇಜಿ ಸಿಗ್ನಲ್‌ಗಳನ್ನು ವಿಶ್ಲೇಷಿಸೋದು.

ಅವಳ ಪಿಎಚ್‌ಡಿ ಎಲೆಕ್ಟ್ರಾನಿಕ್ಸ್‌ನಲ್ಲಿ. ಮೊಬೈಲ್ ಸಿಗ್ನಲ್‌ನಿಂದ ಗದ್ದಲ ತೆಗೆಯೋದರಲ್ಲೇ ಐದು ವರ್ಷ ಕಳೆದವಳು. "ಬಯಾಲಜಿ ನಾನು ಎಸ್ಸೆಸ್ಸೆಲ್ಸಿಗೇ ಬಿಟ್ಟಿದ್ದು ಕಣೇ. ಅರ್ಜಿ ಹಾಕಿದ್ರೆ ನಗಲ್ವಾ?" ಅಂತ ಕೇಳಿದಳು. ಕೊನೆಯ ದಿನಾಂಕಕ್ಕೆ ಆರೇ ದಿನ ಬಾಕಿ. ನಾನು ಹೌದು, ಇಲ್ಲ ಅನ್ನದೆ ಅವಳಿಗೆ ಒಂದು ಕಥೆ ಹೇಳಿದೆ. ಅದನ್ನೇ ಇವತ್ತು ನಿಮಗೂ ಹೇಳ್ತೀನಿ.

ಜರ್ಮನಿಯ ಯೇನಾ ಊರು, 1924. ಹಾನ್ಸ್ ಬರ್ಗರ್ ಅನ್ನೋ ಮನೋವೈದ್ಯರು ಮನುಷ್ಯನ ಮೆದುಳಿನ ವಿದ್ಯುತ್ತನ್ನು ಮೊದಲ ಸಲ ದಾಖಲಿಸಿದರು. ಇದರ ಹಿಂದೆ ಒಂದು ಹಳೇ ಹುಚ್ಚಿತ್ತು. ಹರೆಯದಲ್ಲಿ ಸೇನೆಯಲ್ಲಿದ್ದಾಗ ಕುದುರೆಯಿಂದ ಬಿದ್ದು ಅವರು ಕೂದಲೆಳೆಯಲ್ಲಿ ಬಚಾವಾಗಿದ್ದರು. ಅವತ್ತೇ, ದೂರದ ಮನೆಯಲ್ಲಿದ್ದ ಸೋದರಿ ಯಾಕೋ ಗಾಬರಿಯಾಗಿ, ಅಪ್ಪನಿಂದ ತಂತಿ ಕಳಿಸಿದ್ದಳು. ಮನಸ್ಸಿನಿಂದ ಮನಸ್ಸಿಗೆ ಏನೋ ಹರಿಯುತ್ತೆ, ಅದನ್ನು ಹಿಡೀಬೇಕು ಅಂತ ಬರ್ಗರ್ ಹೊರಟರು.

ಅದಂತೂ ಸಿಗಲಿಲ್ಲ. ಸಿಕ್ಕಿದ್ದು ಸೆಕೆಂಡಿಗೆ ಸುಮಾರು 10 ಸಲ ಏರಿಳಿಯೋ ಸಣ್ಣ ಅಲೆ. ಎಷ್ಟು ಸಣ್ಣದು ಗೊತ್ತಾ? ಟಿವಿ ರಿಮೋಟಿನ ಒಂದು ಸೆಲ್ 1.5 ವೋಲ್ಟ್. ಈ ಅಲೆ ಅದರಲ್ಲಿ ಸುಮಾರು 30 ಸಾವಿರದ ಒಂದು ಪಾಲು. ಕಣ್ಣು ಮಿಟುಕಿಸಿದ್ರೂ ಅದಕ್ಕಿಂತ ದೊಡ್ಡ ಸಿಗ್ನಲ್ ಬರುತ್ತೆ! ಹಾಗಾಗಿ ಇದು ಮೆದುಳಿನದ್ದಾ ಅಥವಾ ಯಂತ್ರದ ಗದ್ದಲವಾ ಅಂತ ಬರ್ಗರ್‌ಗೇ ಅನುಮಾನ. ಪ್ರಕಟಿಸೋಕೆ ಐದು ವರ್ಷ ತಗೊಂಡರು. 1929ರಲ್ಲಿ ಪ್ರಕಟವಾದಾಗ ಹೆಚ್ಚಿನವರು ನಂಬಲೂ ಇಲ್ಲ.

ನಂಬಿಕೆ ಬಂದದ್ದು 1934ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಿಂದ. ಎಡ್ಗರ್ ಏಡ್ರಿಯನ್ ಆಗಲೇ ನೊಬೆಲ್ ಪಡೆದಿದ್ದ ವಿಜ್ಞಾನಿ. ಅವರ ಜೊತೆಗಾರ ಬ್ರಯಾನ್ ಮ್ಯಾಥ್ಯೂಸ್, ಸೂಕ್ಷ್ಮ ಸಿಗ್ನಲ್ ಹಿಡಿಯೋ ಉಪಕರಣ ಕಟ್ಟೋದರಲ್ಲಿ ಪಳಗಿದ ಕೈ. ಏಡ್ರಿಯನ್ ತಮ್ಮದೇ ತಲೆಯ ಅಲೆಗಳನ್ನು ಎಲ್ಲರೆದುರು ತೋರಿಸಿದರು. ಕಣ್ಣು ಮುಚ್ಚಿದರೆ ಅಲೆ ಬರುತ್ತೆ, ತೆರೆದರೆ ಮಾಯ. ಆಮೇಲೆ ವಾದಕ್ಕೆ ಜಾಗ ಉಳಿಯಲಿಲ್ಲ. ಗಮನಿಸಿ, ಬರ್ಗರ್ ಹೆಚ್ಚುಕಡಿಮೆ ಒಬ್ಬರೇ ಒದ್ದಾಡಿದ್ದರು. ಇಲ್ಲಿ ಮೆದುಳು ಬಲ್ಲವರ ಪಕ್ಕ ಸಿಗ್ನಲ್ ಬಲ್ಲವರೂ ಕೂತಿದ್ದರು.

ಇನ್ನೊಂದು ಉದಾಹರಣೆ ಅಮೆರಿಕದ್ದು. 1990ರಲ್ಲಿ ಸೇಜಿ ಒಗಾವ, ರಕ್ತದಲ್ಲಿನ ಆಮ್ಲಜನಕದ ಏರಿಳಿತ ಎಂಆರ್‌ಐ ಚಿತ್ರದಲ್ಲಿ ಕಾಣುತ್ತೆ ಅಂತ ತೋರಿಸಿದರು. ಮೆದುಳು ಕೆಲಸ ಮಾಡೋದನ್ನು ತಲೆಬುರುಡೆ ತೆರೆಯದೇ ನೋಡೋ ಎಫ್‌ಎಂಆರ್‌ಐ ಹುಟ್ಟಿದ್ದೇ ಅಲ್ಲಿಂದ. ಒಗಾವ ಡಾಕ್ಟರಲ್ಲ. ಅವರು ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ. ಕೆಲಸ ಮಾಡ್ತಿದ್ದದ್ದು ಆಸ್ಪತ್ರೆಯಲ್ಲೂ ಅಲ್ಲ, ಟೆಲಿಫೋನ್ ಕಂಪನಿಯ ಬೆಲ್ ಲ್ಯಾಬ್ಸ್‌ನಲ್ಲಿ.

ಆದ್ರೆ ಯಂತ್ರ ಒಳ್ಳೇದಿದ್ದ ಮಾತ್ರಕ್ಕೆ ಸಾಕಾ? 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, "ಇವರಿಗೆ ಏನನ್ನಿಸ್ತಿದೆ?" ಅಂತ ಕೇಳಿದ ಫಲಿತಾಂಶ ಮುಂದಿಟ್ಟರು. ಲೆಕ್ಕದಲ್ಲಿ ಮಾಡಬೇಕಾದ ಒಂದು ತಿದ್ದುಪಡಿ ಬಿಟ್ಟರೆ, ಆ ಸತ್ತ ಮೀನಿನ ಮೆದುಳೂ ಯೋಚಿಸ್ತಿರೋ ಹಾಗೆ ಕಾಣ್ತಿತ್ತು! ಸಾವಿರಾರು ಬಿಂದುಗಳನ್ನು ಒಟ್ಟಿಗೇ ಪರೀಕ್ಷಿಸಿದರೆ, ಬರೀ ಗದ್ದಲದಿಂದಲೇ ಕೆಲವು ಬಿಂದು ಹೊಳೀತವೆ. ತಿದ್ದುಪಡಿ ಮಾಡಿದ ಕೂಡಲೇ ಎಲ್ಲವೂ ಮಾಯ. 2012ರಲ್ಲಿ ಇದಕ್ಕೆ ಇಗ್ ನೊಬೆಲ್ ಸಿಕ್ಕಿತು.

ನಗು ಬರುತ್ತೆ, ಸರಿ. ಆದ್ರೆ ಸ್ಕ್ಯಾನರ್‌ನಲ್ಲಿ ಮೀನಿನ ಬದಲು ನಿಮ್ಮ ಅಜ್ಜಿ ಮಲಗಿದ್ದಾರೆ ಅಂದುಕೊಳ್ಳಿ. ಮರೆವಿನ ಕಾಯಿಲೆ ಇದೆಯಾ ಇಲ್ವಾ ಅಂತ ತಿಳೀಬೇಕು. ಆಗ ಗದ್ದಲ ಯಾವುದು, ಮೆದುಳು ಯಾವುದು ಅಂತ ಬೇರೆ ಮಾಡೋರು ಬೇಕೇ ಬೇಕು.

ಅದಕ್ಕೇ ಈ ಜಾಹೀರಾತುಗಳು ಇಂಜಿನಿಯರುಗಳನ್ನು, ಗಣಿತದವರನ್ನು ಕರೀತಾವೆ. ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಅನ್ನೋ ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ, ಬೇರೆ ವಿಷಯದಲ್ಲಿ ಪಿಎಚ್‌ಡಿ ಮಾಡಿ ಜೀವವಿಜ್ಞಾನಕ್ಕೆ ಬರೋರಿಗೇ ಅಂತ ಪ್ರತ್ಯೇಕ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಐಐಎಸ್‌ಸಿಯ ನರವಿಜ್ಞಾನ ಕೇಂದ್ರದಲ್ಲೇ ಇಂಜಿನಿಯರಿಂಗ್ ಓದಿ ಬಂದವರು ಮೆದುಳಿನ ಸಿಗ್ನಲ್ ಓದ್ತಿದ್ದಾರೆ.

ಗೆಳತಿಗೆ ಎರಡು ಮಾತು ಹೇಳಿದೆ. ಒಂದು, 'ನನಗೆ ಗದ್ದಲ ತೆಗೆಯೋಕೆ ಬರುತ್ತೆ' ಅಂತ ಅರ್ಜಿಯ ಮೊದಲ ಸಾಲಲ್ಲೇ ಬರಿ. ಎರಡು, ಬರ್ಗರ್ ಥರ ಒಬ್ಬಳೇ ಕೂರಬೇಡ. ಯಾವ ಅಲೆ ಮೆದುಳಿನದು, ಯಾವುದು ಕಣ್ಣಿನದು ಅಂತ ಕಲಿಸೋರ ಪಕ್ಕ ಕೂತ್ಕೋ.

ನಿನ್ನೆ ರಾತ್ರಿ ಅರ್ಜಿ ಕಳಿಸಿದಳು. ಉತ್ತರ ಇನ್ನೂ ಬಂದಿಲ್ಲ. ಬಂದರೆ ನಿಮಗೂ ಹೇಳ್ತೀನಿ. ಅಲ್ಲಿವರೆಗೆ, ಮತ್ತೆ ಸಿಗೋಣ.